ಹತ್ತನೆಯ ಮಹಡಿಯಿಂದ ಬಿದ್ದ ಸೋದರಮಾವ

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದ ನಡುವೆ ನೀಲಿ ಬಣ್ಣದ ಎತ್ತರದ ಪೊಲೀಸ್ ಕಟ್ಟಡವೊಂದಿದೆ. 1968ರಲ್ಲಿ ಅದನ್ನು ಕಟ್ಟಿ ಮುಗಿಸಿದಾಗ ಅಂದಿನ ಪ್ರಧಾನಿಯ ಹೆಸರನ್ನೇ ಅದಕ್ಕೆ ಇಟ್ಟು ‘ಜಾನ್ ವೋರ್ಸ್ಟರ್ ಸ್ಕ್ವೇರ್’ ಎಂದು ಕರೆದರು. ಕೆಳಗಿನ ಅಂತಸ್ತುಗಳಲ್ಲಿ ಊರಿನ ಸಾಮಾನ್ಯ ಪೊಲೀಸ್ ಠಾಣೆ ಇತ್ತು. ಮೇಲಿನ ಎರಡು ಮಹಡಿಗಳು ರಾಜಕೀಯ ವಿರೋಧಿಗಳ ಬೆನ್ನು ಹತ್ತುತ್ತಿದ್ದ ಭದ್ರತಾ ಪೊಲೀಸರಿಗೆ ಮೀಸಲು. ಲಿಫ್ಟ್ ಒಂಬತ್ತನೆಯ ಮಹಡಿಯವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಮುಂದೆ ಕೈದಿ ಮೆಟ್ಟಿಲು ಹತ್ತಬೇಕಿತ್ತು.

1971ರ ಅಕ್ಟೋಬರ್ 27ರಂದು ಹತ್ತನೆಯ ಮಹಡಿಯ 1026ನೇ ಕೋಣೆಯಿಂದ ಯುವಕನೊಬ್ಬ ಕೆಳಗೆ ಬಿದ್ದು ಸತ್ತ. ಹೆಸರು ಅಹ್ಮದ್ ಟಿಮೋಲ್. ವಯಸ್ಸು ಮೂವತ್ತು ತುಂಬಲು ಇನ್ನೊಂದು ವಾರ ಬೇಕಿತ್ತು. ವೃತ್ತಿಯಿಂದ ಶಾಲಾ ಮಾಸ್ತರ. ಕಿಟಕಿಯಿಂದ ತಾನಾಗಿ ಹಾರಿದ ಎಂದು ಪೊಲೀಸರು ಹೇಳಿದರು. ನ್ಯಾಯಾಲಯ ಹೌದೆಂದಿತು. ಇಲ್ಲ ಎಂದದ್ದು ಅವನ ಮನೆಯವರು ಮಾತ್ರ. ಆ ‘ಇಲ್ಲ’ ನ್ಯಾಯಾಲಯದ ಬಾಯಿಂದ ಬರುವುದಕ್ಕೆ 46 ವರ್ಷ ಹಿಡಿಯಿತು. ಅದನ್ನು ಬರಿಸಿದ ಮುಖ್ಯ ವ್ಯಕ್ತಿ ಪೊಲೀಸ್ ಅಧಿಕಾರಿಯಲ್ಲ, ವಕೀಲನೂ ಅಲ್ಲ. ಸತ್ತವನ ಅಕ್ಕತಂಗಿಯರಲ್ಲಿ ಒಬ್ಬರ ಮಗ ಇಮ್ತಿಯಾಜ್ ಕಾಜಿ. ಸೋದರಮಾವ ತೀರಿಕೊಂಡಾಗ ಈ ಹುಡುಗನಿಗೆ ಐದು ವರ್ಷ.

ಮನೆಯೊಳಗೆ ನಡೆದುಹೋದ ಕೊಲೆಯನ್ನು ಮನೆಯವರೇ ದಶಕಗಳ ನಂತರ ತನಿಖೆ ಮಾಡುವುದು ಪತ್ತೇದಾರಿ ಕಾದಂಬರಿಯ ವಸ್ತುವಿನಂತೆ ಕಾಣಬಹುದು. ಆದರೆ ಕಾದಂಬರಿಯಲ್ಲಿ ಪತ್ತೇದಾರನಿಗೆ ಸತ್ತವನ ಜೊತೆ ನಂಟಿರುವುದಿಲ್ಲ. ಇಲ್ಲಿ ನಂಟೇ ತನಿಖೆಯ ಮೂಲ ಬಂಡವಾಳ. ಸರ್ಕಾರ ಮುಚ್ಚಿದ ಕಡತವನ್ನು ಒಂದು ಸಂಸಾರ ಹೇಗೆ ತೆರೆಯಿತು, ಅಷ್ಟು ಹಳೆಯ ಸಾವಿನಲ್ಲಿ ಸಾಕ್ಷ್ಯವಾಗಿ ಉಳಿದಿದ್ದುದಾದರೂ ಏನು ಎಂಬುದು ತಿಳಿದುಕೊಳ್ಳತಕ್ಕ ವಿಷಯ.

ಗುಜರಾತಿನಿಂದ ಹೋದ ಮನೆತನ

ಟಿಮೋಲ್ ಮನೆತನದ ಬೇರು ಗುಜರಾತಿನ ಸೂರತ್ ಬಳಿಯ ಖೋಲ್ವಾಡ್ ಎಂಬ ಊರಿನಲ್ಲಿದೆ. ಅಹ್ಮದನ ತಂದೆ ಅಲ್ಲಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ನೆಲೆಸಿದವರು. ಅಹ್ಮದ್ ಹುಟ್ಟಿದ್ದು 1941ರ ನವೆಂಬರ್ 3ರಂದು, ಟ್ರಾನ್ಸ್‌ವಾಲ್ ಪ್ರಾಂತ್ಯದ ಬ್ರೇಟನ್ ಎಂಬ ಸಣ್ಣ ಊರಿನಲ್ಲಿ. ಸಂಸಾರ ಮುಂದೆ ಜೋಹಾನ್ಸ್‌ಬರ್ಗ್ ಪಕ್ಕದ ರೂಡೆಪೂರ್ಟ್‌ನಲ್ಲಿ ನೆಲೆಯೂರಿತು. ಅಲ್ಲಿನ ಭಾರತೀಯರ ಶಾಲೆಯಲ್ಲಿ ಅಹ್ಮದ್ ಪಾಠ ಹೇಳುತ್ತಿದ್ದ. ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನವನಾಗಿದ್ದ.

ಅದು ಮನುಷ್ಯರನ್ನು ಬಣ್ಣದ ಮೇಲೆ ವಿಂಗಡಿಸಿ, ಯಾರು ಎಲ್ಲಿ ವಾಸಿಸಬೇಕು, ಯಾವ ಶಾಲೆಗೆ ಹೋಗಬೇಕು ಎಂಬುದನ್ನೆಲ್ಲ ಕಾನೂನೇ ಕಟ್ಟುಮಾಡಿದ್ದ ಕಾಲ. ಗಾಂಧೀಜಿ ಅಲ್ಲಿಂದ ಹೊರಟುಬಂದು ಅರ್ಧ ಶತಮಾನ ಕಳೆದಿದ್ದರೂ ಭಾರತೀಯ ಮೂಲದವರ ಪಾಡು ಸುಧಾರಿಸಿರಲಿಲ್ಲ. ಕರಿಯರ ಪಾಡಂತೂ ಹೇಳತೀರದು. 1960ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನು ಸರ್ಕಾರ ನಿಷೇಧಿಸಿತು. ಕಮ್ಯುನಿಸ್ಟ್ ಪಕ್ಷ 1950ರಲ್ಲೇ ನಿಷೇಧಕ್ಕೆ ಒಳಗಾಗಿತ್ತು. ಅಹ್ಮದ್ 1966ರಲ್ಲಿ ಹಜ್ ಯಾತ್ರೆಗೆ ಹೋದವನು ಅಲ್ಲಿಂದ ಲಂಡನ್ನಿಗೆ ಹೋದ. ಅಲ್ಲಿದ್ದ ಹೋರಾಟಗಾರರ ಬಳಗ ಸೇರಿದ. 1969ರಲ್ಲಿ ಮಾಸ್ಕೋದ ಲೆನಿನ್ ಶಾಲೆಯಲ್ಲಿ ತರಬೇತಿ ಪಡೆದ. ಮುಂದೆ ದೇಶದ ಅಧ್ಯಕ್ಷರಾದ ಥಾಬೊ ಎಂಬೆಕಿ ಅಲ್ಲಿ ಅವನ ಜೊತೆಗಿದ್ದರು. ಹೊರಗೇ ಉಳಿದುಬಿಡುವ ಅವಕಾಶ ಅಹ್ಮದನಿಗೆ ಇತ್ತು. 1970ರಲ್ಲಿ ಅವನು ಊರಿಗೆ ಮರಳಿದ. ಹಗಲು ಶಾಲೆಯಲ್ಲಿ ಪಾಠ, ಉಳಿದ ಹೊತ್ತಿನಲ್ಲಿ ಗುಪ್ತ ಕರಪತ್ರಗಳ ಕೆಲಸ.

1971ರ ಅಕ್ಟೋಬರ್ 22ರ ರಾತ್ರಿ ಜೋಹಾನ್ಸ್‌ಬರ್ಗಿನ ಕೊರೊನೇಷನ್‌ವಿಲ್ ಬಡಾವಣೆಯಲ್ಲಿ ಪೊಲೀಸರು ರಸ್ತೆಗೆ ಅಡ್ಡಗಟ್ಟಿ ವಾಹನಗಳನ್ನು ತಪಾಸಣೆ ಮಾಡುತ್ತಿದ್ದರು. ಒಂದು ಹಳದಿ ಫೋರ್ಡ್ ಕಾರಿನ ಡಿಕ್ಕಿಯಲ್ಲಿ ನಿಷೇಧಿತ ಪಕ್ಷದ ಕರಪತ್ರಗಳು ಸಿಕ್ಕವು. ಕಾರಿನಲ್ಲಿ ಇದ್ದವರು ಅಹ್ಮದ್ ಮತ್ತು ವೈದ್ಯಕೀಯ ವಿದ್ಯಾರ್ಥಿ ಸಲೀಂ ಎಸ್ಸೋಪ್. 1967ರ ಭಯೋತ್ಪಾದನಾ ಕಾನೂನಿನ ಆರನೇ ಸೆಕ್ಷನ್ ಪ್ರಕಾರ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ, ವಕೀಲರ ಮುಖ ತೋರಿಸದೆ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಆದರೆ ಅಹ್ಮದನನ್ನು ಬಹಳ ದಿನ ಇಟ್ಟುಕೊಳ್ಳುವ ಪ್ರಸಂಗ ಬರಲಿಲ್ಲ. ಐದನೆಯ ದಿನ ಅವನ ಹೆಣ ಕಟ್ಟಡದ ಕೆಳಗೆ ಬಿದ್ದಿತ್ತು.

ಪೊಲೀಸರು ಹೇಳಿದ ಕಥೆ

ಪೊಲೀಸರ ಹೇಳಿಕೆ ಹೀಗಿತ್ತು: ಕ್ಯಾಪ್ಟನ್ ಗ್ಲಾಯ್ ಮತ್ತು ಕ್ಯಾಪ್ಟನ್ ವಾನ್ ನೀಕರ್ಕ್ ಎಂಬ ಇಬ್ಬರು ಅಧಿಕಾರಿಗಳು ಅಹ್ಮದನನ್ನು ವಿಚಾರಿಸುತ್ತಿದ್ದರು. ಅಕ್ಟೋಬರ್ 27ರ ಮಧ್ಯಾಹ್ನ ಸಾರ್ಜೆಂಟ್ ಜೊವಾವ್ ರೊಡ್ರಿಗ್ಸ್ ಎಂಬುವನು ಅವರ ಸಂಬಳದ ಕಾಗದಗಳನ್ನು ತಂದ. ಕಾಫಿಯೂ ಬಂತು. ಅಧಿಕಾರಿಗಳಿಬ್ಬರೂ ಹೊರಗೆ ಹೋದರು. ಕೋಣೆಯಲ್ಲಿ ಉಳಿದವರು ರೊಡ್ರಿಗ್ಸ್ ಮತ್ತು ಕೈದಿ ಮಾತ್ರ. ಕೈದಿ ಒಮ್ಮೆಲೇ ಕಿಟಕಿಯತ್ತ ನುಗ್ಗಿ, ಅದನ್ನು ತೆರೆದು, ಹೊರಕ್ಕೆ ಧುಮುಕಿದ. ತಡೆಯಲು ಹೋದ ರೊಡ್ರಿಗ್ಸ್‌ಗೆ ಕುರ್ಚಿ ಅಡ್ಡ ಬಂತು.

ಹೆಣವನ್ನು ಸ್ನಾನ ಮಾಡಿಸಿ ಮಣ್ಣು ಮಾಡುವುದು ಮುಸ್ಲಿಮರ ಪದ್ಧತಿ. ಹಾಗೆ ಸ್ನಾನ ಮಾಡಿಸಿದವರ ಕಣ್ಣಿಗೆ ಮೈಮೇಲಿನ ಗಾಯಗಳು ಬಿದ್ದವು. ಮೇಲಿನಿಂದ ಬಿದ್ದವನಿಗೆ ಪೆಟ್ಟಾಗುವುದು ಸಹಜ. ಆದರೆ ಎಲ್ಲ ಪೆಟ್ಟೂ ಬಿದ್ದದ್ದರಿಂದಲೇ ಆದವೇ ಎಂಬ ಪ್ರಶ್ನೆ ಅಂದೇ ಹುಟ್ಟಿತು. ಅತ್ತ ಜೊತೆಗಾರ ಸಲೀಂ ಎಸ್ಸೋಪ್‌ನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ಸಾಗಿಸಲಾಗಿತ್ತು. ಅವನ ತಂದೆ ನ್ಯಾಯಾಲಯಕ್ಕೆ ಹೋಗಿ, ಮಗನ ಮೇಲೆ ಪೊಲೀಸರು ಕೈಮಾಡಬಾರದೆಂಬ ಆದೇಶ ತಂದರು. ಒಂದೇ ಕಾರಿನಲ್ಲಿ ಸಿಕ್ಕಿದ ಇಬ್ಬರಲ್ಲಿ ಒಬ್ಬ ಸ್ಮಶಾನಕ್ಕೆ, ಒಬ್ಬ ಆಸ್ಪತ್ರೆಗೆ. ಇದು ಅಂದಿನ ಎಲ್ಲರ ಕಣ್ಣೆದುರಿಗೂ ಇದ್ದ ಸಂಗತಿ.

ಅಸಹಜ ಸಾವಾದಾಗ ಕಾರಣವನ್ನು ಗೊತ್ತುಮಾಡಲು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ ನಡೆಸುವ ಕ್ರಮ ಬ್ರಿಟಿಷ್ ಆಳ್ವಿಕೆ ಕಂಡ ಹಲವು ದೇಶಗಳಲ್ಲಿ ಇದೆ. ಅಹ್ಮದನ ವಿಷಯದಲ್ಲೂ ಅದು ನಡೆಯಿತು. ಮನೆಯವರ ಪರವಾಗಿ ವಾದಿಸಿದವರಲ್ಲಿ, ನೆಲ್ಸನ್ ಮಂಡೇಲಾ ಪರ ವಾದ ಮಾಡಿ ಹೆಸರಾಗಿದ್ದ ಜಾರ್ಜ್ ಬಿಜೋಸ್ ಒಬ್ಬರು. ಮರಣೋತ್ತರ ಪರೀಕ್ಷೆಯ ವೇಳೆ ಮನೆಯವರ ಪರವಾಗಿ ವೈದ್ಯ ಜೊನಾಥನ್ ಗ್ಲಕ್‌ಮನ್ ಹಾಜರಿದ್ದರು. ಕೆಲವು ಗಾಯಗಳು ಬೀಳುವುದಕ್ಕೆ ಮೊದಲೇ ಆದವೆಂದು ವಿಚಾರಣೆಯಲ್ಲಿ ಪ್ರಶ್ನೆ ಎದ್ದಿತು. ಹಾಗಿದ್ದರೆ ಅವು ಬಂಧನಕ್ಕೂ ಮೊದಲಿನವಿರಬೇಕು ಎಂಬ ವಾದ ಮ್ಯಾಜಿಸ್ಟ್ರೇಟರಿಗೆ ಒಪ್ಪಿಗೆಯಾಯಿತು. ಪಕ್ಷವನ್ನು ಬಯಲು ಮಾಡುವುದಕ್ಕಿಂತ ಸಾಯುವುದು ಮೇಲು ಎಂದು ಕಾರ್ಯಕರ್ತರಿಗೆ ಹೇಳಿಕೊಟ್ಟಂತಿದ್ದ ಕಾಗದವೊಂದನ್ನು ಪೊಲೀಸರು ಹಾಜರುಪಡಿಸಿದರು. ಆತ್ಮಹತ್ಯೆಗೆ ಕಾರಣವೂ ಸಿಕ್ಕಂತಾಯಿತು. 1972ರ ಜೂನ್‌ನಲ್ಲಿ ಮ್ಯಾಜಿಸ್ಟ್ರೇಟ್ ಡಿ ವಿಲಿಯರ್ಸ್ ತೀರ್ಮಾನ ಕೊಟ್ಟರು: ಇದು ಆತ್ಮಹತ್ಯೆ, ಯಾರ ಮೇಲೂ ತಪ್ಪಿಲ್ಲ.

ಇದು ಒಂಟಿ ಪ್ರಕರಣವಾಗಿರಲಿಲ್ಲ. ಆ ದಶಕಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ರಾಜಕೀಯ ಕೈದಿಗಳು ಪೊಲೀಸರ ವಶದಲ್ಲಿ ಸತ್ತರು. ಒಬ್ಬ ಸೋಪಿನ ಮೇಲೆ ಜಾರಿ ಬಿದ್ದ, ಇನ್ನೊಬ್ಬ ಮೆಟ್ಟಿಲಿನಿಂದ ಉರುಳಿದ, ಮತ್ತೊಬ್ಬ ನೇಣು ಹಾಕಿಕೊಂಡ ಎಂದು ಕಾರಣಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಸುಳ್ಳು ಹೇಳುವವನಿಗೆ ನಂಬಿಸುವ ಅಗತ್ಯವೂ ಇಲ್ಲದಿದ್ದಾಗ ಸುಳ್ಳಿನ ಗುಣಮಟ್ಟವೂ ಇಳಿಯುತ್ತದೆ.

ಅಜ್ಜಿಯ ಮಾತು, ಮೊಮ್ಮಗನ ಕೆಲಸ

1994ರಲ್ಲಿ ವರ್ಣಭೇದದ ಆಳ್ವಿಕೆ ಕೊನೆಗೊಂಡಿತು. ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ‘ಸತ್ಯ ಮತ್ತು ಸಂಧಾನ ಆಯೋಗ’ ರಚನೆಯಾಯಿತು. ಅದರ ಸೂತ್ರ ಸರಳ. ಮಾಡಿದ ರಾಜಕೀಯ ಅಪರಾಧವನ್ನು ಪೂರ್ತಿಯಾಗಿ ಒಪ್ಪಿಕೊಂಡವನಿಗೆ ಕ್ಷಮೆ ಸಿಗಬಹುದು. ಒಪ್ಪಿಕೊಳ್ಳದವನ ಮೇಲೆ ಮೊಕದ್ದಮೆ ನಡೆಯಬಹುದು. 1996ರಲ್ಲಿ ಅಹ್ಮದನ ತಾಯಿ ಹವಾ ಟಿಮೋಲ್ ಆಯೋಗದ ಮುಂದೆ ಬಂದು ಮಗನ ಕಥೆ ಹೇಳಿದರು. ಅವನಿಗೆ ಏನಾಯಿತೆಂದು ತಿಳಿಯಬೇಕು ಎಂಬುದಷ್ಟೇ ಆ ಮುದುಕಿಯ ಬೇಡಿಕೆ. ಅಹ್ಮದನ ಸಾವಿಗೆ ಕ್ಷಮೆ ಕೋರಿ ಒಬ್ಬ ಪೊಲೀಸನೂ ಆಯೋಗದ ಮುಂದೆ ಬರಲಿಲ್ಲ. ಆ ತಾಯಿ ಉತ್ತರ ಕಾಣದೆಯೇ ತೀರಿಕೊಂಡರು.

ನಮ್ಮ ಕಡೆ ಸೋದರಮಾವನಿಗೆ ಮನೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಇಮ್ತಿಯಾಜ್ ಕಾಜಿಗೆ ಆ ಸ್ಥಾನ ಖಾಲಿಯಾಗಿಯೇ ಇತ್ತು. ಅದರ ಸುತ್ತ ಹಿರಿಯರ ಮೌನವಿತ್ತು. ಅಜ್ಜಿಯ ಸಾಕ್ಷ್ಯದ ನಂತರ ಅವರು ಮಾವನ ಜೀವನವನ್ನು ತುಣುಕು ತುಣುಕಾಗಿ ಕೂಡಿಸತೊಡಗಿದರು. ಗೆಳೆಯರನ್ನು, ವಿದ್ಯಾರ್ಥಿಗಳನ್ನು, ಜೊತೆಗೆ ಜೈಲು ಕಂಡವರನ್ನು ಹುಡುಕಿ ಮಾತಾಡಿಸಿದರು. 2005ರಲ್ಲಿ ಅದು ಪುಸ್ತಕವಾಗಿ ಬಂತು. ಪುಸ್ತಕದೊಂದಿಗೆ ಕೆಲಸ ಮುಗಿಯಲಿಲ್ಲ. ಸರ್ಕಾರಿ ಅಭಿಯೋಜಕರ ಕಚೇರಿಗೆ ಅರ್ಜಿ ಮೇಲೆ ಅರ್ಜಿ ಹೋದವು. ಸತ್ಯ ಆಯೋಗ ಮೊಕದ್ದಮೆ ಹೂಡುವುದಕ್ಕೆ ತಕ್ಕವೆಂದು ಸುಮಾರು 300 ಪ್ರಕರಣಗಳನ್ನು ಒಪ್ಪಿಸಿತ್ತು. ಅವುಗಳಲ್ಲಿ ಬಹುತೇಕ ಎಲ್ಲವೂ ಧೂಳು ತಿನ್ನುತ್ತಿದ್ದವು. ಇದು ಹಳೆಯ ಸರ್ಕಾರದ ತಪ್ಪಲ್ಲ, ಹೊಸ ಸರ್ಕಾರದ್ದು. ಅಹ್ಮದ್ ಯಾರಿಗಾಗಿ ಸತ್ತನೋ ಅವರೇ ಅಧಿಕಾರದಲ್ಲಿದ್ದರು.

ಇಂಥ ತನಿಖೆಯಲ್ಲಿ ಮನೆಯವರಿಗಿರುವ ಬಲ ಯಾವುದು? ಅಧಿಕಾರವಿಲ್ಲ, ಸಮನ್ಸ್ ಕಳಿಸುವಂತಿಲ್ಲ, ಪ್ರಯೋಗಾಲಯವಿಲ್ಲ. ಇರುವುದು ವ್ಯವಧಾನ ಒಂದೇ. ಅಧಿಕಾರಿ ವರ್ಗವಾಗಿ ಹೋಗುತ್ತಾನೆ, ಮಂತ್ರಿ ಬದಲಾಗುತ್ತಾನೆ. ಮನೆಯವನಿಗೆ ವರ್ಗಾವಣೆ ಇಲ್ಲ. ಆದರೆ ಮನೆಯವರಿಗೊಂದು ದೌರ್ಬಲ್ಯವೂ ಉಂಟು. ತಮ್ಮವನು ತಾನಾಗಿ ಸತ್ತ ಎಂದು ನಂಬಲು ಯಾವ ಮನೆಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಕುಟುಂಬದ ನಂಬಿಕೆ ಪುರಾವೆಯಾಗಲಾರದು. ಕಾಜಿ ಇದನ್ನು ಅರಿತು ನಡೆದಂತೆ ಕಾಣುತ್ತದೆ. ಮಾನವ ಹಕ್ಕುಗಳ ಸಂಸ್ಥೆಗಳ ನೆರವು ಪಡೆದು, ಫ್ರಾಂಕ್ ಡಟನ್‌ರಂಥ ಅನುಭವಿ ಪತ್ತೇದಾರರಿಂದ ತನಿಖೆ ಮಾಡಿಸಿ, ಸಿಕ್ಕಿದ್ದನ್ನು ಮತ್ತೆ ನ್ಯಾಯಾಲಯದ ಒರೆಗೆ ಹಚ್ಚುವಂತೆ ಕೇಳಿದರು. ದಕ್ಷಿಣ ಆಫ್ರಿಕದ ಮರಣ ವಿಚಾರಣಾ ಕಾನೂನಿನಲ್ಲಿ ಮುಗಿದ ವಿಚಾರಣೆಯನ್ನು ಮತ್ತೆ ತೆರೆಯುವ ಅವಕಾಶವಿದೆ. 2017ರ ಜೂನ್‌ನಲ್ಲಿ ಹೈಕೋರ್ಟ್ ನ್ಯಾಯಾಧೀಶ ಬಿಲ್ಲಿ ಮೊತ್ಲೆ ಅವರ ಮುಂದೆ ಅಹ್ಮದನ ಸಾವಿನ ವಿಚಾರಣೆ ಎರಡನೆಯ ಸಲ ಆರಂಭವಾಯಿತು.

ನಾಲ್ಕೂವರೆ ದಶಕದ ನಂತರ ಉಳಿದ ಸಾಕ್ಷ್ಯ

ಕಾಗದಗಳ ಗತಿ ಮೊದಲು ನೋಡೋಣ. ಅಧಿಕಾರ ಕೈತಪ್ಪುವುದು ಖಚಿತವಾದಾಗ ಹಳೆಯ ಆಡಳಿತ ತನ್ನ ಗುಪ್ತ ಕಡತಗಳನ್ನು ಸುಡತೊಡಗಿತ್ತು. 1993ರಲ್ಲಿ ಗುಪ್ತಚರ ಇಲಾಖೆಯೊಂದೇ 44 ಟನ್ ದಾಖಲೆಗಳನ್ನು ನಾಶಮಾಡಿತೆಂದು ಸತ್ಯ ಆಯೋಗದ ವರದಿ ಹೇಳುತ್ತದೆ. ಆದರೆ 1972ರ ವಿಚಾರಣೆ ಬಹಿರಂಗವಾಗಿ ನಡೆದಿತ್ತು. ಅದರ ಕಾಗದಗಳು ಪೂರ್ತಿಯಾಗಿ ಅಳಿಯಲಿಲ್ಲ. ಪೊಲೀಸರನ್ನು ಉಳಿಸಿದ ಆ ವಿಚಾರಣೆಯಲ್ಲೇ ಅವರು ಆಡಿದ್ದ ಮಾತುಗಳು ಅಕ್ಷರವಾಗಿ ದಾಖಲಾಗಿದ್ದವು.

ಎರಡನೆಯದು ದೇಹ. ಗೋರಿಯನ್ನು ಅಗೆಯುವ ಅಗತ್ಯ ಬೀಳಲಿಲ್ಲ. 1971ರ ಮರಣೋತ್ತರ ವರದಿಯನ್ನೇ ಈ ಕಾಲದ ತಜ್ಞ ವೈದ್ಯರು ಹೊಸದಾಗಿ ಓದಿದರು. ಗಾಯ ಆದ ಮೇಲೆ ಜೀವವಿರುವ ದೇಹ ಅದನ್ನು ಮಾಯಿಸಲು ತೊಡಗುತ್ತದೆ. ಆ ಗುರುತುಗಳಿಂದ ಗಾಯದ ವಯಸ್ಸನ್ನು ಅಂದಾಜು ಮಾಡಬಹುದು. ಬಿದ್ದ ಕ್ಷಣದಲ್ಲೇ ಸತ್ತವನ ಗಾಯಕ್ಕೆ ಮಾಯುವ ಅವಕಾಶವೇ ಇರುವುದಿಲ್ಲ. ಬೀಳುವ ಮೊದಲೇ ಅಹ್ಮದನ ತಲೆಬುರುಡೆಗೂ ಕಾಲಿಗೂ ಭಾರಿ ಪೆಟ್ಟು ಬಿದ್ದಿತ್ತೆಂಬುದು ತಜ್ಞರ ಅಭಿಪ್ರಾಯ. ಅಂಥ ಕಾಲಿನಲ್ಲಿ ಯಾರೂ ಕೋಣೆಯನ್ನು ದಾಟಿ ಓಡಿ ಕಿಟಕಿಯಿಂದ ಧುಮುಕಲಾರರು.

ಮೂರನೆಯದು ಭೌತಶಾಸ್ತ್ರದ ಲೆಕ್ಕ. ಓಡಿಬಂದು ಧುಮುಕಿದವನಿಗೆ ಮುನ್ನುಗ್ಗುವ ವೇಗವಿರುತ್ತದೆ. ಅವನು ಗೋಡೆಯಿಂದ ದೂರ ಹೋಗಿ ಬೀಳಬೇಕು. ದೂಡಲ್ಪಟ್ಟವನು, ಕೈಬಿಡಲ್ಪಟ್ಟವನು ಗೋಡೆಗೆ ಹತ್ತಿರ ಬೀಳುತ್ತಾನೆ. ದೇಹ ಸಿಕ್ಕಿದ ಜಾಗವನ್ನೂ ಕಟ್ಟಡದ ಎತ್ತರವನ್ನೂ ಹಿಡಿದು ಲೆಕ್ಕ ಹಾಕಿದ ಎಂಜಿನಿಯರ್, ಪೊಲೀಸರ ಕಥೆಗೆ ಈ ಲೆಕ್ಕ ಹೊಂದುವುದಿಲ್ಲ ಎಂದರು. ನ್ಯಾಯಾಧೀಶರು ಸ್ವತಃ ಆ ಕಟ್ಟಡಕ್ಕೆ ಹೋಗಿ ಹತ್ತನೆಯ ಮಹಡಿಯನ್ನು ನೋಡಿಬಂದರು.

ನಾಲ್ಕನೆಯದು ಬದುಕಿದ್ದ ಮನುಷ್ಯರು. ಸಲೀಂ ಎಸ್ಸೋಪ್ ಬಂದು, ಆ ಮಹಡಿಯಲ್ಲಿ ತಾನು ಅನುಭವಿಸಿದ ಹಿಂಸೆಯನ್ನು ಗಂಟೆಗಟ್ಟಲೆ ವಿವರಿಸಿದರು. ಮುಖಕ್ಕೆ ಮುಸುಕು ಹಾಕಿದ್ದ ಒಬ್ಬನನ್ನು ಇಬ್ಬರು ಎಳೆದುಕೊಂಡು ಹೋಗುವುದನ್ನು ಕಂಡಿದ್ದಾಗಿಯೂ, ಅವನು ಅಹ್ಮದನೇ ಎಂದು ತನಗೆ ಅನ್ನಿಸಿದ್ದಾಗಿಯೂ ಹೇಳಿದರು. ಆ ದಿನ ಕಟ್ಟಡದ ಆಸುಪಾಸಿನಲ್ಲಿದ್ದ ಕೆಲವರು, ಮನುಷ್ಯ ಬಿದ್ದದ್ದು ಮಧ್ಯಾಹ್ನವಲ್ಲ, ಬೆಳಗಿನ ಹೊತ್ತಿನಲ್ಲಿ ಎಂದು ಸಾಕ್ಷಿ ನುಡಿದರು. ಇಷ್ಟು ವರ್ಷ ಅವರನ್ನು ಕೇಳಿದವರು ಯಾರೂ ಇರಲಿಲ್ಲ.

ಗ್ಲಾಯ್ ಮತ್ತು ವಾನ್ ನೀಕರ್ಕ್ ಅಷ್ಟರಲ್ಲಿ ಸತ್ತಿದ್ದರು. ಆದರೆ ರೊಡ್ರಿಗ್ಸ್ ಬದುಕಿದ್ದರು. ಎಂಬತ್ತರ ಅಂಚಿನಲ್ಲಿದ್ದ ಆ ಮುದುಕ ಕಟಕಟೆಯಲ್ಲಿ ನಿಂತು ಅದೇ ಕಾಫಿಯ, ಅದೇ ಕುರ್ಚಿಯ ಕಥೆಯನ್ನು ಮತ್ತೆ ಹೇಳಿದರು. ಎದುರಿಗೆ ಕುಳಿತಿದ್ದವರು, ಸತ್ತವನ ಕೊನೆಯ ಗಳಿಗೆಯನ್ನು ಬಲ್ಲ ಏಕೈಕ ಮನುಷ್ಯ ಈತ ಎಂದು ತಿಳಿದಿದ್ದವರು. ಸತ್ಯ ಹೇಳಿದರೆ ಕ್ಷಮಿಸಬಲ್ಲವರೂ ಅಲ್ಲಿದ್ದಿರಬಹುದು. ಅವರು ಕಥೆಯನ್ನು ಬದಲಿಸಲಿಲ್ಲ.

ತೀರ್ಪು ಮತ್ತು ಅದರ ಮಿತಿ

2017ರ ಅಕ್ಟೋಬರ್ 12ರಂದು ನ್ಯಾಯಾಧೀಶ ಮೊತ್ಲೆ ತೀರ್ಪು ಓದಿದರು. ಅಹ್ಮದ್ ಟಿಮೋಲ್ ಹಾರಲಿಲ್ಲ. ಹತ್ತನೆಯ ಮಹಡಿಯ ಕಿಟಕಿಯಿಂದಲೋ ಚಾವಣಿಯಿಂದಲೋ ಅವನನ್ನು ದೂಡಲಾಯಿತು. ಇದು ಕೊಲೆ. 1972ರ ತೀರ್ಮಾನ ರದ್ದಾಯಿತು. ಕೊಲೆಯನ್ನು ಮುಚ್ಚಿಹಾಕಲು ನೆರವಾದ ಆರೋಪದ ಮೇಲೆ ರೊಡ್ರಿಗ್ಸ್ ವಿರುದ್ಧ ತನಿಖೆ ನಡೆಯಬೇಕೆಂದೂ ಅವರು ಸೂಚಿಸಿದರು.

2018ರಲ್ಲಿ ರೊಡ್ರಿಗ್ಸ್ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು. ಇಷ್ಟು ವರ್ಷ ಕಳೆದ ಮೇಲೆ ಮೊಕದ್ದಮೆ ನಡೆಸುವುದು ಅನ್ಯಾಯ ಎಂದು ಅವರು ತಡೆ ಕೋರಿದರು. 2019ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯವೂ ತಳ್ಳಿಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರೊಡ್ರಿಗ್ಸ್ ಸತ್ತಿದ್ದಾಗಿ ಸುದ್ದಿ ಬಂತು. ಸಾಕ್ಷಿಗಳ ವಿಚಾರಣೆ ಒಂದು ದಿನವೂ ನಡೆಯಲಿಲ್ಲ. ಕಾನೂನಿನ ಕಣ್ಣಲ್ಲಿ ಅಹ್ಮದನ ಕೊಲೆಗೆ ಇಂದಿಗೂ ಶಿಕ್ಷೆಗೊಳಗಾದ ಅಪರಾಧಿ ಇಲ್ಲ.

ಹಾಗಾದರೆ ಇಷ್ಟೆಲ್ಲ ಶ್ರಮದಿಂದ ದಕ್ಕಿದ್ದೇನು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ದೇಶದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್‌ನಲ್ಲಿ, ಕೇರಳದ ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಎಳೆದೊಯ್ದರು. ತಂದೆ ಈಚರ ವಾರಿಯರ್ ಊರೂರು, ಕಚೇರಿ ಕಚೇರಿ ಅಲೆದರು. 1977ರಲ್ಲಿ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡುವಂತಾಯಿತು. ಆದರೆ ಮಗನ ದೇಹ ಸಿಗಲೇ ಇಲ್ಲ. 2006ರಲ್ಲಿ ವಾರಿಯರ್ ತೀರಿಕೊಂಡಾಗಲೂ ಆ ಪ್ರಶ್ನೆ ಹಾಗೆಯೇ ಇತ್ತು. ಟಿಮೋಲ್ ಮನೆಯವರ ಕೈಯಲ್ಲಿ ಒಂದು ಗೋರಿಯಿತ್ತು, ಒಂದು ಮರಣೋತ್ತರ ವರದಿಯಿತ್ತು. ವಾರಿಯರ್ ಕೈಯಲ್ಲಿ ಅದೂ ಇರಲಿಲ್ಲ. ಕೊಂದವರು ದೇಹವನ್ನೇ ಇಲ್ಲವಾಗಿಸುವುದು ಏಕೆಂದು ಈ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅರ್ಥವಾಗುತ್ತದೆ.

ಕಾಜಿ ತೆರೆದ ಬಾಗಿಲಿನಿಂದ ಬೇರೆ ಮನೆಗಳವರೂ ಒಳಗೆ ಬಂದರು. 1982ರಲ್ಲಿ ಅದೇ ಕಟ್ಟಡದಲ್ಲಿ ‘ನೇಣು ಹಾಕಿಕೊಂಡ’ ವೈದ್ಯ ನೀಲ್ ಆಗೆಟ್‌ನನ್ನು ಪೊಲೀಸರೇ ಕೊಂದರೆಂದು 2022ರಲ್ಲಿ ತೀರ್ಪಾಯಿತು. 1969ರಲ್ಲಿ ‘ಮೆಟ್ಟಿಲಿನಿಂದ ಬಿದ್ದ’ ಕೇಪ್‌ಟೌನಿನ ಇಮಾಂ ಅಬ್ದುಲ್ಲಾ ಹಾರೊನ್, 1977ರಲ್ಲಿ ಸತ್ತ ಭಾರತೀಯ ಮೂಲದ ದಂತವೈದ್ಯ ಹೂಸೇನ್ ಹಫೇಜಿ ಇಬ್ಬರೂ ಚಿತ್ರಹಿಂಸೆಗೆ ಬಲಿಯಾದವರೆಂದು 2023ರಲ್ಲಿ ನ್ಯಾಯಾಲಯಗಳು ಹೇಳಿದವು. 1977ರಲ್ಲಿ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೊ ಅವರ ಸಾವಿನ ವಿಚಾರಣೆಯೂ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಇಂಥ ಪ್ರಕರಣಗಳನ್ನು ಹೊಸ ಸರ್ಕಾರದ ಕಾಲದಲ್ಲಿ ಬೇಕೆಂದೇ ತಡೆಹಿಡಿಯಲಾಯಿತೇ ಎಂಬುದನ್ನು ತಿಳಿಯಲು ಅಧ್ಯಕ್ಷ ರಾಮಫೋಸಾ 2025ರಲ್ಲಿ ನ್ಯಾಯಾಂಗ ಆಯೋಗವೊಂದನ್ನೂ ನೇಮಿಸಿದರು. ಹಿಂಸೆ ಮಾಡಿದ ಸರ್ಕಾರ ಮಾತ್ರವಲ್ಲ, ಮರೆತ ಸರ್ಕಾರವೂ ಉತ್ತರ ಕೊಡಬೇಕಾಗಿ ಬಂತು.

ಆತ್ಮಹತ್ಯೆ ಇಸ್ಲಾಮಿನಲ್ಲಿ ಪಾಪ. ಹಜ್ ಮಾಡಿಬಂದ ಮಗನ ಹೆಸರಿನ ಮುಂದೆ ಸರ್ಕಾರ ಆ ಪಾಪವನ್ನು ಬರೆದಿತ್ತು. ತಾಯಿ ಇಪ್ಪತ್ತೈದು ವರ್ಷ ಅದನ್ನು ಹೊತ್ತು ಬಾಳಿದರು. ಅಪರಾಧಿಗೆ ಶಿಕ್ಷೆಯಾಗಲಿಲ್ಲ, ನಿಜ. ಆದರೆ ದಾಖಲೆಯಿಂದ ಆ ಮಾತು ಹೋಯಿತು. ಜೋಹಾನ್ಸ್‌ಬರ್ಗಿನ ಆ ನೀಲಿ ಕಟ್ಟಡದ ಮೇಲೆ ಈಗ ವೋರ್ಸ್ಟರ್ ಹೆಸರಿಲ್ಲ. 1997ರಲ್ಲೇ ಅದನ್ನು ತೆಗೆದುಹಾಕಿ, ಜೋಹಾನ್ಸ್‌ಬರ್ಗ್ ಕೇಂದ್ರ ಪೊಲೀಸ್ ಠಾಣೆ ಎಂದು ಕರೆದರು. ಆಜಾದ್‌ವಿಲ್ ಎಂಬಲ್ಲಿನ ಪ್ರೌಢಶಾಲೆಗೆ 1999ರಲ್ಲಿ, ಮಂಡೇಲಾ ಸಮ್ಮುಖದಲ್ಲಿ, ಅಹ್ಮದ್ ಟಿಮೋಲ್ ಹೆಸರಿಟ್ಟರು. ಮಾಸ್ತರನ ಹೆಸರು ಶಾಲೆಯ ಮೇಲೆ ಇದೆ.